ತಿಪ್ಪೆಯಲ್ಲಿ ಸಿಕ್ಕ ಕೂಸು

ಮೊದಲ ಮಳೆ ಎಂದರೆ ಜನ ಮಣ್ಣಿನ ವಾಸನೆ ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ನನ್ನ ಮೂಗಿಗೆ ಬರುವುದು ತಿಪ್ಪೆಯ ವಾಸನೆ. ಧಾರವಾಡದಿಂದ ಹಳಿಯಾಳಕ್ಕೆ ಬರುವ ರಸ್ತೆಯಲ್ಲಿ ಮನೆಗೊಂದರಂತೆ ತಿಪ್ಪೆಗಳಿವೆ. ಬೇಸಿಗೆಯಿಡೀ ಒಣಗಿ ಸುಮ್ಮನೆ ಬಿದ್ದಿರುತ್ತವೆ. ಒಂದು ಮಳೆ ಜೋರಾಗಿ ಹೊಡೆದರೆ ಸಾಕು, ಮರುದಿನ ಬೆಳಿಗ್ಗೆ ಹಬೆಯಾಡುತ್ತವೆ. ಈ ಜೂನ್‌ನಲ್ಲಿ ದಾಂಡೇಲಿಗೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಟವಳು ಕಾರಿನ ಗಾಜು ಇಳಿಸಿದ್ದೆ. ಮತ್ತೆ ಏರಿಸುವಷ್ಟರಲ್ಲಿ ವಾಸನೆ ಒಳಗೆ ಬಂದು ಕೂತಿತ್ತು. ಅದರ ಜೊತೆಗೆ ನಾಲ್ಕು ವರ್ಷದ ಹಿಂದಿನ ಆ ಮಳೆಗಾಲವೂ ಬಂತು.

ಆ ವರ್ಷ ನಾವು ದಾಂಡೇಲಿಯ ಬಂಗೂರನಗರದಲ್ಲಿದ್ದೆವು. ಗಂಡ ಅಲ್ಲಿ ಮೇಷ್ಟ್ರು. ನಾನು ಧಾರವಾಡದ ದೊಡ್ಡದೊಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್. ಆಪರೇಶನ್ನಿಗೆ ಮುಂಚೆ ನಿದ್ದೆ ಬರಿಸುವವಳು, ನಡುವೆ ಉಸಿರು ಮತ್ತು ರಕ್ತ ಕಾಯುವವಳು, ಮುಗಿದ ಮೇಲೆ ಎಬ್ಬಿಸುವವಳು. ಸರ್ಜನ್ನಿನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ನಮ್ಮ ಹೆಸರು ಯಾರಿಗೂ ಬೇಕಾಗುವುದಿಲ್ಲ, ಏನಾದರೂ ಎಡವಟ್ಟಾದರೆ ಮಾತ್ರ ಮೊದಲು ನಮ್ಮನ್ನೇ ಹುಡುಕುತ್ತಾರೆ. ಮಕ್ಕಳ ಮೆದುಳಿನ ಆಪರೇಶನ್ ಇದ್ದರೆ ನಾನೇ ಬೇಕು ಎಂದು ದೇಸಾಯಿ ಸರ್ ಪಟ್ಟು ಹಿಡಿಯುತ್ತಿದ್ದರು. ಅವರು ನಮ್ಮ ಮೆದುಳು ಸರ್ಜನ್, ಹೊಗಳುವ ಸ್ವಭಾವದವರಲ್ಲ. ಹಾಗಾಗಿ ನನಗೆ ಸ್ವಲ್ಪ ತಲೆ ತಿರುಗಿತ್ತು ಎಂದೇ ಹೇಳಬೇಕು.

ಆ ತಲೆ ತಿರುಗುವಿಕೆಗೆ ಇನ್ನೊಂದು ಕಾರಣ ನನ್ನ ಪಟ್ಟಿ. ಆಪರೇಶನ್ನಿಗೆ ಮುಂಚೆ ಮಗುವಿನ ಮನೆಯವರನ್ನು ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಕೂತು ಬರೆದಿದ್ದೆ, ಎರಡು ಹಾಳೆ. ಮಗು ಹುಟ್ಟಿದಾಗಿನಿಂದ ನಿನ್ನೆಯ ಕೆಮ್ಮಿನವರೆಗೆ ಎಲ್ಲವೂ ಅದರಲ್ಲಿತ್ತು. ಬೇರೆ ಆಸ್ಪತ್ರೆಯವರೂ ಕೇಳಿ ತೆಗೆದುಕೊಂಡು ಹೋಗಿದ್ದರು. ಈ ಪಟ್ಟಿಯ ಕಣ್ಣು ತಪ್ಪಿಸಿ ಯಾವ ಅನಾಹುತವೂ ಒಳಗೆ ಬರುವುದಿಲ್ಲ ಎಂದು ಜೂನಿಯರುಗಳ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ಮಳೆ ಆ ವರ್ಷ ಹಟಕ್ಕೆ ಬಿದ್ದಿತ್ತು. ಬೆಳಿಗ್ಗೆ ಬಂಗೂರನಗರ ಬಿಟ್ಟು ಅಂಬೇವಾಡಿ ದಾಟುವಷ್ಟರಲ್ಲಿ ಕಾರಿನ ಗಾಜು ಒರೆಸುವ ಕಡ್ಡಿಗಳು ಸೋತು ಹೋಗುತ್ತಿದ್ದವು. ಹಳಿಯಾಳದಲ್ಲಿ ಒಂದಿಷ್ಟು ಬಿಡುವು, ಮುಂದೆ ಮತ್ತೆ ಸೋನೆ. ಶನಿವಾರ ಮಾತ್ರ ನಾನು ಹಳಿಯಾಳದಲ್ಲೇ ಇಳಿಯುತ್ತಿದ್ದೆ. ಅಲ್ಲಿನ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆಯ ಆಪರೇಶನ್‌ಗಳಿಗೆ ಅರಿವಳಿಕೆ ಕೊಡುವವರು ಇರಲಿಲ್ಲ. ಅಲ್ಲಿನ ಹಿರಿಯ ನರ್ಸ್ ಶಕೀಲಾ ಸಿಸ್ಟರ್. ಗಂಡನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ತಾಲೂಕಿನ ಅರ್ಧ ಮಕ್ಕಳ ಮೊದಲ ಸೂಜಿ ಅವಳ ಕೈಯದ್ದು. ಅಂಥ ಒಂದು ಶನಿವಾರ ಅವಳು ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

"ಮೇಡಂ, ಈ ಹುಡುಗಿ ನಡ್ಯೂದ ಒಂಚೂರು ನೋಡ್ರಿ."

ಆರು ವರ್ಷದ ಹುಡುಗಿ. ಕಾಲು ಅಗಲಿಸಿಕೊಂಡು, ಒಂದು ಕಡೆ ವಾಲುತ್ತಾ ನನ್ನ ಕಡೆಗೆ ನಡೆದು ಬಂದಳು. ಬಿದ್ದಳು. ಬಿದ್ದಲ್ಲೇ ನಕ್ಕಳು. ಎರಡು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ವಾಂತಿಯಂತೆ, ಯಾರೋ ಜಂತುಹುಳದ ಔಷಧ ಕೊಡುತ್ತಾ ಬಂದಿದ್ದರಂತೆ. ಮೆದುಳಿನ ಹಿಂಭಾಗದಲ್ಲಿ ಗಡ್ಡೆ ಇದೆ ಎಂದು ಹೇಳಲು ಸ್ಕ್ಯಾನ್ ಬೇಕಾಗಿರಲಿಲ್ಲ.

"ನಿನ್ನ ಹೆಸರೇನವಾ?"

"ತಿಪ್ಪವ್ವ."

ಹೊಸದಾಗಿ ಬಂದಿದ್ದ ನರ್ಸ್ ಹುಡುಗಿ ಕಿಸಕ್ಕನೆ ನಕ್ಕಳು. "ಈಗಿನ ಕಾಲದಾಗ ಯಾರ ಇಡ್ತಾರ್ರಿ ಇಂಥಾ ಹೆಸರ?"

"ನಮ್ಮ ಸ್ವಾದರತ್ತಿ ಹೆಸರೂ ತಿಪ್ಪವ್ವನ. ಅಜ್ಜಿ ಹೆಸರ ಇಟ್ಟಿರ್ತಾರ, ಅದಕ್ಯಾಕ ನಗ್ತಿ?" ಎಂದು ಗದರಿದೆ. ದೊಡ್ಡ ಮನಸ್ಸಿನವಳ ಹಾಗೆ ಗದರಿದೆ. ನಾನು ಆ ಹೆಸರಿನ ಬಗ್ಗೆ ಯೋಚಿಸಿದ್ದು ಅಷ್ಟೇ.

ಬಾಗಿಲ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು, ಗಂಗವ್ವ. ಮಗು ಬಿದ್ದಾಗಲೂ ಮುಂದೆ ಬಂದಿರಲಿಲ್ಲ. ಅಕಿ ಯಾರ ಎಂದು ಮಗುವನ್ನು ಕೇಳಿದರೆ "ಕಾಕಿ" ಎಂದಿತು. ಚೀಟಿಯಲ್ಲಿ ಮಾತ್ರ ತಾಯಿ ಎಂದು ಬರೆದಿತ್ತು. ಗಂಗವ್ವನ ಸೀರೆ ಚೊಕ್ಕಟವಾಗಿತ್ತು. ಮಗುವಿನ ಮೈಮೇಲೆ ಯಾರದೋ ದೊಡ್ಡ ಹುಡುಗಿಯ ಫ್ರಾಕು, ಅದರ ಮೇಲೆ ಇನ್ಯಾವುದೋ ಶಾಲೆಯ ಗಂಡುಹುಡುಗನ ಅಂಗಿ, ಮೂಗಿನಲ್ಲಿ ತಾಮ್ರದ ತಂತಿ. ಇದು ದೊಡ್ಡ ರೋಗ, ಧಾರವಾಡಕ್ಕೆ ಕರೆದುಕೊಂಡು ಬರಬೇಕು ಎಂದು ನಾನು ವಿವರಿಸುತ್ತಿದ್ದರೆ ಆಕೆ ಗೋಡೆ ನೋಡುತ್ತಾ ಹೇಳಿದಳು:

"ತಿಪ್ಪಿ ಕಸ ಐತ್ರಿ ಅದು. ಉಳದ್ರ ಉಳೀತೈತಿ."

ನನಗೆ ಮೈಯೆಲ್ಲ ಉರಿಯಿತು. ಮಲತಾಯಿ ಎಂದು ಅಲ್ಲೇ ತೀರ್ಮಾನಿಸಿದೆ. ಧಾರವಾಡದ ಆಸ್ಪತ್ರೆಯಲ್ಲಿ ಆ ತೀರ್ಮಾನ ನನಗಿಂತ ಮುಂಚೆ ವಾರ್ಡು ತಲುಪಿತ್ತು. ಅಲ್ಲಿನ ಆಯಾಗಳು ಮಗುವಿಗೆ ಬಿಸ್ಕತ್ತು ಕೊಟ್ಟು, ಗಂಗವ್ವನಿಗೆ ಕೇಳಿಸುವ ಹಾಗೆ "ಪಾಪ, ತಾಯಿಲ್ಲದ ತಬ್ಬಲಿ" ಎನ್ನುತ್ತಿದ್ದರು. ಒಬ್ಬಳು ಬೇಕೆಂದೇ ಅವಳ ಚಾಪೆಯ ಹತ್ತಿರ ನೀರು ಚೆಲ್ಲಿದಳು. ನಾನು ನೋಡಿ ಮುಂದೆ ಹೋದೆ. ಅವಳಿಗೆ ಹಾಗೇ ಆಗಬೇಕು ಅನಿಸಿತ್ತು. ಗಂಗವ್ವ ಚಾಪೆ ಮಡಚಿಕೊಂಡು ಮೂಲೆಗೆ ಸರಿದು ಕೂತಳು. ಮಗು ಕರೆದರೆ ಹೋಗುತ್ತಿದ್ದಳು, ಬೇಕಾದ್ದು ಕೊಟ್ಟು ವಾಪಸ್ ಬರುತ್ತಿದ್ದಳು. ತಲೆ ಸವರಿದ್ದನ್ನು ಒಬ್ಬರೂ ನೋಡಲಿಲ್ಲ.

ಆಪರೇಶನ್ನಿನ ಹಿಂದಿನ ದಿನ ಮಧ್ಯಾಹ್ನ ಪಟ್ಟಿ ಹಿಡಿದುಕೊಂಡು ಹೋದೆ. ಮಗು ಮಂಚದ ಮೇಲೆ, ಗಂಗವ್ವ ಕೆಳಗೆ. ಅವಳ ಗಂಡ ಬಾಳಪ್ಪ ಬಾಗಿಲಲ್ಲಿ ಟವೆಲ್ ಹಿಂಡುತ್ತಾ ನಿಂತಿದ್ದ. ಕಬ್ಬು ಕಡಿಯುವ ಕೂಲಿ ಮನುಷ್ಯ, ಮಾತು ಕಡಿಮೆ.

"ಇದು ಮೊದಲನೇ ಕೂಸೇನು?"

"ಹೂಂನ್ರಿ" ಎಂದಳು ಗಂಗವ್ವ.

"ಮನ್ಯಾಗ ಯಾವುದರ ಕೂಸು ಸಣ್ಣದರಾಗ ಹೋಗೇತೇನು?"

"ಇಲ್ರಿ."

"ಹೊಕ್ಕಳ ಬಿದ್ದಾಗ ರಗತ ಸೋರಿತ್ತೇನು?"

ಗಂಗವ್ವ ಮಗುವಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. "ನಾ ಹಡದಿಲ್ರಿ. ನಂಗ ಹೆಂಗ ಗೊತ್ತಾಗಬೇಕು?"

ಬಾಳಪ್ಪನನ್ನು ಕೇಳಿದರೆ "ಅಕೀನ ಕೇಳ್ರಿ ಬಾಯಾರ" ಎಂದು ಹೊರಗೆ ಹೋದ. ಎರಡನೇ ಹೆಂಡತಿ ಬಂದ ಮೇಲೆ ಮೊದಲಿನವಳ ಮಗು ಯಾರಿಗೆ ಬೇಕು ಎಂದುಕೊಂಡು, ಆ ಸಾಲಿನ ಮುಂದೆ 'ಗೊತ್ತಿಲ್ಲ' ಎಂದು ಬರೆದೆ. ರಕ್ತದ ತಪಾಸಣೆಗಳೆಲ್ಲ ಸರಿಯಾಗಿ ಬಂದಿದ್ದವು. ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಹೊತ್ತು ಸರಿಯಿತ್ತು, ಹೆಪ್ಪುಗಟ್ಟಿಸುವ ಕಣಗಳು ಬೇಕಾದಷ್ಟಿದ್ದವು. ಒಂದು 'ಗೊತ್ತಿಲ್ಲ'ದಿಂದ ಏನಾಗುತ್ತದೆ ಎಂದು ಪಟ್ಟಿ ಮಡಚಿದೆ.

ಮಗುವಿಗೆ ಮಾತ್ರ ನನ್ನ ಮೇಲೆ ನಂಬಿಕೆ ಬಂದಿತ್ತು. ನಾಳೆ ನಿದ್ದೆಯ ಔಷಧ ಕೊಡುತ್ತೇನೆ ಎಂದೆ.

"ನಂಗ ಔಷಧ ಇಲ್ಲದನ ನಿದ್ದಿ ಬರ್ತೈತಿ. ಹಗಲೆಲ್ಲಾ ಬರ್ತೈತಿ. ಎಬ್ಬಸಾಕ ಯಾರ ಬರ್ತಾರ?"

"ನಾನೇ ಬರ್ತೇನಿ."

"ಮತ್ತ ಮರತ ಹೋದ್ರ?"

"ಮರಿಯಂಗಿಲ್ಲ."

ಬೆಳಿಗ್ಗೆ ಅವಳನ್ನು ಮಲಗಿಸಿದೆ. ಮೊದಲ ಮೂರು ತಾಸು ಎಲ್ಲ ಸುಸೂತ್ರವಾಗಿತ್ತು. ಮಗುವನ್ನು ಬೋರಲು ಮಲಗಿಸಿ, ತಲೆ ಅಲುಗದ ಹಾಗೆ ಹಿಡಿಕೆಯಲ್ಲಿ ಬಿಗಿದು, ಹಿಂದಲೆಯ ಎಲುಬು ತೆಗೆದು, ದೇಸಾಯಿ ಸರ್ ಗಡ್ಡೆಯನ್ನು ಚೂರುಚೂರಾಗಿ ಬಿಡಿಸಿದರು. ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ರಕ್ತ ಹೋಯಿತು, ಗಾಬರಿ ಬೀಳುವಷ್ಟಲ್ಲ. ಗಡ್ಡೆ ಪೂರ್ತಿ ಬಂತು. ಅವರು ತೊಳೆದು ನೋಡಿ ನನ್ನನ್ನು ಕರೆದರು. "ನೋಡ್ರಿ, ಸಾರಿಸಿದ ಅಂಗಳದಂಗ ಐತಿ." ನಿಜವಾಗಿಯೂ ಹಾಗೇ ಇತ್ತು. ಹೊಲಿಗೆಗೆ ದಾರ ಕೇಳಿದರು.

ದಾರ ಅವರ ಕೈಗೆ ಬರುವಷ್ಟರಲ್ಲಿ ಆ ಕುಳಿ ರಕ್ತದಿಂದ ತುಂಬಿತ್ತು.

ರಕ್ತ ಕಟ್ಟಲೆಂದು ವಿದ್ಯುತ್ ಕಡ್ಡಿಯಿಂದ ಸುಟ್ಟಿದ್ದ ಜಾಗಗಳೇ ಒಂದೊಂದಾಗಿ ಮತ್ತೆ ಬಾಯಿ ಬಿಡುತ್ತಿದ್ದವು. ಅವರು ಮತ್ತೆ ಸುಟ್ಟರು, ಹತ್ತಿ ಒತ್ತಿ ಹಿಡಿದರು. ಹತ್ತು ನಿಮಿಷ ಒಣಗುವುದು, ಹತ್ತಿ ತೆಗೆದರೆ ಮತ್ತೆ ಸುರಿಯುವುದು. ಆರು ವರ್ಷದ ಮಗುವಿನ ಮೈಯಲ್ಲಿ ಒಂದೂವರೆ ಲೀಟರ್ ರಕ್ತವೂ ಇರುವುದಿಲ್ಲ. ದೊಡ್ಡವರಲ್ಲಿ ಯಾರೂ ಗಮನಿಸದ ಒಂದು ಲೋಟ ಮಗುವಿನಲ್ಲಿ ಜೀವದ ಮಾತು. ತೆಗೆದಿಟ್ಟಿದ್ದ ರಕ್ತ ಏರಿಸಿದೆ, ಇನ್ನಷ್ಟು ಕೇಳಿದೆ, ರಕ್ತ ನಿಲ್ಲುವ ಸೂಜಿ ಕೊಟ್ಟೆ, ಮೈ ತಣ್ಣಗಾಗದಂತೆ ಬಿಸಿ ಗಾಳಿ ಹಾಕಿದೆ. ಒಂದು ಕೈಯಿಂದ ರಕ್ತದ ಚೀಲ ಹಿಂಡುತ್ತಾ ಇನ್ನೊಂದು ಕೈಯಿಂದ ನಾಡಿ ಹಿಡಿದಿದ್ದೆ. ಮತ್ತೆ ತಪಾಸಣೆಗೆ ಕಳಿಸಿದ ರಕ್ತದ ವರದಿ ಫೋನಿನಲ್ಲಿ ಬಂತು. ಎಲ್ಲ ನಾರ್ಮಲ್. ಫೋನ್ ಹಿಡಿದಿದ್ದ ಹುಡುಗಿ ಅದನ್ನು ಸಂತೋಷದ ಸುದ್ದಿಯಂತೆ ಹೇಳಿದಳು. ನನ್ನ ಕಾಲ ಬಳಿಯ ಬಾಟಲಿಯಲ್ಲಿ ರಕ್ತ ಏರುತ್ತಲೇ ಇತ್ತು, ಮೆದುಳು ಬಾತುಕೊಂಡು ಎಲುಬಿನ ಅಂಚಿಗೆ ಬಂದಿತ್ತು. ರಕ್ತದೊತ್ತಡ ಎಷ್ಟು ಹೊತ್ತು ಕೆಳಗೇ ಇತ್ತು ಎಂಬುದು ನನಗೆ ನಿಮಿಷ ನಿಮಿಷವೂ ಗೊತ್ತು. ಇಲ್ಲಿ ಬರೆಯಲು ಮನಸ್ಸಿಲ್ಲ.

"ಇದು ನನ್ನ ಕೈಯಾಗಿನ ತಪ್ಪಲ್ಲ. ಈ ಮನಿತನದಾಗ ಏನೋ ಐತಿ. ಹೋಗಿ ಕೇಳ್ರಿ" ಎಂದರು ದೇಸಾಯಿ ಸರ್, ಒತ್ತಿ ಹಿಡಿದ ಕೈ ತೆಗೆಯದೆ.

ಜೂನಿಯರ್ ಕೈಗೆ ಚೀಲ ಕೊಟ್ಟು ಹೊರಗೆ ಓಡಿದೆ. ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ನನ್ನ ಗೌನಿನ ಮೇಲಿನ ರಕ್ತ ನೋಡಿ ಬಾಳಪ್ಪ ಎದ್ದು ನಿಂತ.

"ರಗತ ನಿಂದ್ರವಲ್ದು. ಈ ಕೂಸಿಗೆ ಮೊದಲ ಹಿಂಗ ಆಗಿತ್ತೇನು? ಏನ ಮುಚ್ಚಿಟ್ಟೀರಿ?"

"ನಾ ಹಡದಿಲ್ರಿ" ಎಂದಳು ಗಂಗವ್ವ, ನೆಲ ನೋಡುತ್ತಾ.

ಆಮೇಲೆ ನಾನು ಆಡಿದ ಮಾತು ಆ ಕಾರಿಡಾರಿನಲ್ಲಿದ್ದ ಎಲ್ಲರಿಗೂ ಕೇಳಿಸಿದೆ. "ಹಡದಾಕಿ ಆಗಿದ್ರ ಹೇಳ್ತಿದ್ದಿ! ಮಂದಿ ಕೂಸಂತ ಸಾಯಾಕ ಬಿಟ್ಟಿಯೇನು? ನೀ ಮನಶ್ಯಾಳೇನು?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಆಪರೇಶನ್ ಕೋಣೆಯ ಬಾಗಿಲು ನೋಡಿದಳು. ಕೈ ಎತ್ತಿ ಮೂರು ಬೆರಳು ತೋರಿಸಿದಳು, ಕೂಡಲೇ ಮಡಚಿಕೊಂಡಳು.

"ಬಾಯಿ ಬಿಟ್ಟ ಹೇಳು! ಏನ ಮೂರು?"

ಬಾಳಪ್ಪ ನಡುವೆ ಬಂದ. "ಬಾಯಾರ, ಬ್ಯಾಡ್ರಿ. ಅಕೀನ ಹೇಳ್ಸಬ್ಯಾಡ್ರಿ." ನಾನು ಅವನನ್ನು ತಳ್ಳಿದೆ. ಹೌದು, ಕೈಯಿಂದ ತಳ್ಳಿದೆ.

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು, ಆ ಬಾಗಿಲಿಗೆ ಬೆನ್ನು ಮಾಡಿ ಹೇಳಿದಳು. "ಮೂರು ಹೋಗ್ಯಾವ್ರಿ. ಎರಡಕ್ಕ ಹೊಕ್ಕಳ ಬಿದ್ದ ಮ್ಯಾಲೆ ರಗತ ನಿಂದರಲಿಲ್ಲ. ಮೂರನೇದು ನಡ್ಯಾಕ ಕಲ್ತಿತ್ತು. ಹೊಸ್ತಲಾ ಎಡವಿ ಬಿತ್ತು, ತಲ್ಯಾಗ ರಗತ ಆಗೇತಿ ಅಂದ್ರು. ಈಕಿಗೂ ಹೊಕ್ಕಳ ಹತ್ತ ದಿನ ಸೋರ್ತು. ತಿಪ್ಪಿಗೆ ಹಾಕಿ ಕೊಂಡ್ವಿ. ಮರುದಿನ ನಿಂತಿತು." ಸೆರಗು ಇನ್ನೂ ಬಾಯಲ್ಲೇ ಇತ್ತು. "ಕೂಸು ನಂದರಿ. ನಾನೇ ಹಡದೇನಿ."

ನಮ್ಮ ಸೋದರತ್ತೆ ತಿಪ್ಪವ್ವನ ಕತೆಯನ್ನು ನಾನು ಚಿಕ್ಕಂದಿನಿಂದ ನೂರು ಸಲ ಕೇಳಿದ್ದೆ. ಅವಳಿಗಿಂತ ಮುಂಚಿನ ಮಕ್ಕಳು ಉಳಿಯಲಿಲ್ಲ. ಇವಳು ಹುಟ್ಟಿದಾಗ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟರು. ನೆರೆಮನೆಯವಳು ಎತ್ತಿಕೊಂಡು ಬಂದು, ತಿಪ್ಪೆಯಲ್ಲಿ ಸಿಕ್ಕಿತು, ಬೇಕಾ ಎಂದು ಬಾಗಿಲಲ್ಲಿ ಕೂಗಿದಳು. ನನ್ನ ಅಜ್ಜಿ ಒಂದು ಸೇರು ತೌಡು ಕೊಟ್ಟು ತನ್ನ ಮಗುವನ್ನು ತಾನೇ ಕೊಂಡಳು. ಅಲ್ಲಿಂದ ಮುಂದೆ ಅದು ಅವಳದ್ದಲ್ಲ. ಮಗು ಅವಳನ್ನು ಅವ್ವ ಎನ್ನಬಾರದು, ಅವಳು ಮಗುವನ್ನು ಮುದ್ದು ಮಾಡಬಾರದು. ಬೇರೆ ಮನೆಗಳಿಂದ ಬೇಡಿ ತಂದ ಹಳೆ ಬಟ್ಟೆ ಹಾಕಬೇಕು, ಮೂಗಿಗೆ ತಾಮ್ರದ ತಂತಿ ಚುಚ್ಚಬೇಕು. ಕಸ ಎನ್ನಬೇಕು. ಮುಂಚಿನ ಮಕ್ಕಳ ಸುದ್ದಿಯನ್ನು ಇದರ ಹತ್ತಿರ ಎತ್ತಲೇಬಾರದು. ಎತ್ತಿದರೆ ಅವುಗಳನ್ನು ಒಯ್ದವನಿಗೆ ಇದು ಯಾರ ಮಗು ಎಂದು ಗೊತ್ತಾಗುತ್ತದೆ. ದೀಪಾವಳಿಗೆ ನಾವೆಲ್ಲ ಸೇರಿದಾಗ ಅತ್ತೆಯನ್ನು ತೌಡಿನವಳು ಎಂದು ಚುಡಾಯಿಸುತ್ತಿದ್ದೆವು. ಎರಡು ಹಾಳೆಯ ಪಟ್ಟಿಯಲ್ಲಿ ಇಲ್ಲದ್ದು ಆ ಮಗುವಿನ ಹೆಸರಲ್ಲಿ, ಅಂಗಿಯಲ್ಲಿ, ಮೂಗಿನ ತಂತಿಯಲ್ಲಿ ಇತ್ತು. ಅದನ್ನು ಓದಲು ಬರುತ್ತಿದ್ದವಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇದ್ದಿರಬೇಕು.

ರೋಗ ಯಾವುದು ಎಂದು ಬಾಗಿಲು ದಾಟುವುದರೊಳಗೆ ತಿಳಿದಿತ್ತು. ಬಹಳ ಅಪರೂಪದ್ದು, ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಕಾಣುವಂಥದ್ದು. ಬಾಳಪ್ಪ ಗಂಗವ್ವನ ಸೋದರಮಾವ ಎಂದು ಆಮೇಲೆ ಗೊತ್ತಾಯಿತು. ಈ ರೋಗದಲ್ಲಿ ರಕ್ತ, ಹೆಪ್ಪು ಹಾಕಿದ ಹಾಲಿನ ಹಾಗೆ, ಮೇಲೆ ಮೊಸರಾದಂತೆ ಕಾಣುತ್ತದೆ, ಸೌಟು ಇಟ್ಟರೆ ಒಡೆದು ನೀರು. ರಕ್ತ ಹೆಪ್ಪುಗಟ್ಟುತ್ತದೆ, ಗಟ್ಟಿಯಾಗಿ ನಿಲ್ಲುವುದಿಲ್ಲ. ನಮ್ಮ ಮಾಮೂಲಿ ತಪಾಸಣೆಗಳು ಹೆಪ್ಪುಗಟ್ಟಿತೋ ಇಲ್ಲವೋ ನೋಡುತ್ತವೆ, ನಿಂತಿತೋ ಇಲ್ಲವೋ ನೋಡುವುದಿಲ್ಲ. ಇದಕ್ಕೆ ಬೇಕಾದದ್ದು ದುಬಾರಿ ಔಷಧವೂ ಅಲ್ಲ. ಬೇರೆಯವರ ರಕ್ತದಿಂದ ತೆಗೆದು ಮಂಜುಗಡ್ಡೆಯ ಹಾಗೆ ಇಟ್ಟಿರುವ ಹಳದಿ ದ್ರವ, ನಾವು ಕ್ರಯೋ ಎನ್ನುವುದು, ನಮ್ಮದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಹಿಂದಿನ ದಿನ ನಾಲ್ಕು ಚೀಲ ಕೊಟ್ಟಿದ್ದರೆ ಆ ಅಂಗಳ ಸಾರಿಸಿದ ಹಾಗೇ ಇರುತ್ತಿತ್ತು.

ಅದನ್ನು ಕರಗಿಸಲು ಅರ್ಧ ತಾಸು ಹಿಡಿಯಿತು. ಕೊಟ್ಟ ಮೇಲೆ ಕಾಲು ತಾಸಿನಲ್ಲಿ ರಕ್ತ ನಿಂತಿತು. ಹತ್ತಿ ತೆಗೆದರು, ಕಾದರು, ಮತ್ತೆ ಬರಲಿಲ್ಲ. ದೇಸಾಯಿ ಸರ್ ಹೊಲಿದು ಮುಗಿಸಿ ನನ್ನ ಭುಜದ ಮೇಲೆ ಕೈಯಿಟ್ಟರು. ಗೆದ್ದೆವು ಎಂದುಕೊಂಡು ನಾನೇ ಹೊರಗೆ ಹೋಗಿ ಹೇಳಿದೆ.

"ಗಂಗವ್ವ, ರಗತ ನಿಂತೈತಿ. ನೀ ಹೇಳಿದ್ದರಿಂದನ ನಿಂತೈತಿ."

ಅವಳು ಬೆಂಚಿನಿಂದ ಇಳಿದು ನೆಲದ ಮೇಲೆ ಕೂತಿದ್ದಳು, ಸತ್ತ ಮನೆಯಲ್ಲಿ ಕೂರುವ ಹಾಗೆ. "ಆತ್ರಿ. ಹೇಳಿ ಬಿಟ್ಟೇನಲ್ರಿ. ಇನ್ನ ರಗತ ನಿಂತ್ರೇನು, ಬಿಟ್ರೇನು."

ತಿಪ್ಪವ್ವ ಏಳಲಿಲ್ಲ. ರಕ್ತವಿಲ್ಲದೆ ಕಳೆದ ಆ ಹೊತ್ತನ್ನು ಮೆದುಳು ತಾಳಿಕೊಳ್ಳಲಿಲ್ಲ, ಬಾವು ಇಳಿಯಲಿಲ್ಲ. ಮೂರು ದಿನ ಯಂತ್ರದ ಮೇಲೆ ಉಸಿರಾಡಿಸಿದೆವು. ದಿನಕ್ಕೆ ನಾಲ್ಕು ಸಲ ಹೋಗಿ ಕಣ್ಣಿಗೆ ಬೆಳಕು ಬಿಟ್ಟು ನೋಡಿದೆ. ಹೆಸರು ಹಿಡಿದು ಕರೆದೆ. ಮೂರನೆಯ ದಿನ ಮಧ್ಯಾಹ್ನ, ಹೊರಗೆ ಬಿಸಿಲು ಬಂದು ಎಲ್ಲರೂ ಬಟ್ಟೆ ಒಣಹಾಕುತ್ತಿದ್ದಾಗ, ಮುಗಿಯಿತು.

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ಗಂಗವ್ವ ಮಗುವಿನ ಮೇಲೆ ಬಿದ್ದಳು. "ನನ್ನ ಮಗಳ! ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳ! ನನ್ನ ಮಗಳ!" ಇನ್ನು ಯಾರಿಂದ ಮುಚ್ಚಿಡಬೇಕಾಗಿತ್ತು? ಆರು ವರ್ಷ ಒಂದು ಸಲವೂ ಅನ್ನದೇ ಇದ್ದದ್ದನ್ನು ಅಷ್ಟೂ ಅಂದಳು. ಅವಳ ಚಾಪೆಗೆ ನೀರು ಚೆಲ್ಲಿದ್ದ ಆಯಾ ಬಂದು ಅವಳ ಜಾರಿದ ಸೆರಗು ಹೊದಿಸಿದಳು. ದೇಹಕ್ಕೆ ಬಟ್ಟೆ ಹಾಕುವಾಗ ಗಂಗವ್ವ ತನ್ನ ಚೀಲದ ತಳದಿಂದ ಒಂದು ಹೊಸ ಫ್ರಾಕು ತೆಗೆದಳು, ಹಳದಿ ಬಣ್ಣದ್ದು, ಅಂಗಡಿಯ ಮಡಿಕೆ ಹಾಗೇ ಇತ್ತು. ಅದನ್ನು ಯಾವಾಗ ತಂದಿಟ್ಟಿದ್ದಳೋ, ಮಗುವಿಗೆ ಗಿಡ್ಡವಾಗಿತ್ತು.

ನಾನು ಅವರ ಜೊತೆ ಊರಿಗೆ ಹೋಗಲಿಲ್ಲ. ಮರುದಿನ ಬೇರೊಂದು ಮಗುವಿನ ಆಪರೇಶನ್ ಇತ್ತು. ಪಟ್ಟಿ ತೆಗೆದೆ, ಪ್ರಶ್ನೆ ಕೇಳಿದೆ, ಗೆರೆ ಎಳೆದೆ.

ಶನಿವಾರ ಹಳಿಯಾಳದಲ್ಲಿ ಶಕೀಲಾ ಸಿಸ್ಟರ್ ನನಗೆ ಚಹಾ ಕೊಡಲಿಲ್ಲ. ಸೂಜಿಗಳನ್ನು ಎಣಿಸಿಡುತ್ತಾ, ಮುಖ ನೋಡದೆ ಕೇಳಿದಳು. "ತಿಪ್ಪವ್ವ ಅಂತ ಹೆಸರ ಇಟ್ಟಾರಂದ್ರ ನಿಮಗ ಗೊತ್ತಾಗಲಿಲ್ಲೇನ್ರಿ? ನಾ ಮುಸಲ್ಮಾನರಕಿ, ನನಗ ಗೊತ್ತೈತಿ. ನಮ್ಮ ಓಣ್ಯಾಗೂ ಕೂಸು ಉಳೀಲಿಲ್ಲಂದ್ರ ಮುಂದಿನ್ದಕ್ಕ ಫಕೀರಾ ಅಂತ ಇಡ್ತಾರ, ಬೇಡಿ ತಂದ ಅರಿವಿ ಹಾಕ್ತಾರ. ಒಂದ ಫೋನ್ ಮಾಡಿದ್ರ ಹೇಳ್ತಿದ್ದೆ. ಗಂಗವ್ವನ ಆ ನಡ್ಯಾಕ ಕಲ್ತ ಕೂಸಿಗೆ ಸೂಜಿ ಹಾಕಿದಾಕಿ ನಾನೇ."

"ಗೊತ್ತಿತ್ತು, ಸಿಸ್ಟರ್. ನೆನಪಾಗಲಿಲ್ಲ" ಎಂದೆ.

"ಹಂಗಂದ್ರ ಗೊತ್ತಿಲ್ಲದ್ದಕ್ಕಿಂತ ಕೆಟ್ಟ ಆತಲ್ರಿ" ಎಂದಳು.

ಹೊಸ ರಕ್ತ ಏರಿಸುವ ಮುಂಚೆ ತೆಗೆದಿಟ್ಟಿದ್ದ ಮಗುವಿನ ರಕ್ತವನ್ನು ದೂರದ ಪ್ರಯೋಗಶಾಲೆಗೆ ಕಳಿಸಿದ್ದೆ. ಕೆಲವು ವಾರಗಳ ಮೇಲೆ ವರದಿ ಬಂತು, ನಾನು ಅಂದುಕೊಂಡದ್ದೇ. ಮುಂದೆ ಮಗುವಾದರೆ ಹುಟ್ಟಿದ ದಿನವೇ ತಪಾಸಣೆ ಮಾಡಿಸಬೇಕು, ರೋಗವಿದ್ದರೂ ತಿಂಗಳಿಗೊಮ್ಮೆ ಆ ಹಳದಿ ದ್ರವ ಕೊಡಿಸುತ್ತಾ ಹೋದರೆ ಎಲ್ಲರ ಹಾಗೆ ಬದುಕುತ್ತದೆ ಎಂದು ಹೇಳಲು ಅವರ ಊರಿಗೆ ಹೋದೆ. ರಸ್ತೆಯಿಂದ ಒಳಗೆ, ಗೋವಿನಜೋಳದ ಹೊಲಗಳ ನಡುವೆ ಹತ್ತಿಪ್ಪತ್ತು ಮನೆ. ಬಾಳಪ್ಪ ಅಂಗಳದಲ್ಲೇ ತಡೆದ. ಒಳಗಿನಿಂದ ಗಂಗವ್ವನ ದನಿ ಬಂತು. "ಅಕೀನ ಹೊಳ್ಳಿ ಕಳಸ್ರಿ. ಹೇಳಿಸಿದಾಕಿ ಅಕೀನ." ಕಾಗದವನ್ನು ಬಾಳಪ್ಪನ ಕೈಗೆ ಕೊಟ್ಟು ಬಂದೆ. ಮಳೆಗೆ ಅದು ಅವನ ಕೈಯಲ್ಲೇ ನೆನೆಯುತ್ತಿತ್ತು.

ನನ್ನ ಶಾಸ್ತ್ರದ ಪ್ರಕಾರ ತಡವಾಗಿ ಹೇಳಿದ್ದರಿಂದ ಮಗು ಸತ್ತಿತು. ಅವಳ ಶಾಸ್ತ್ರದ ಪ್ರಕಾರ ಹೇಳಿದ್ದರಿಂದಲೇ ಸತ್ತಿತು. ಎರಡರಲ್ಲೂ ಕೊಂದವಳು ನಾನೇ ಎಂಬುದನ್ನು ಆ ಮಳೆಗಾಲವಿಡೀ ಬಂಗೂರನಗರದಿಂದ ಧಾರವಾಡಕ್ಕೆ, ಧಾರವಾಡದಿಂದ ಬಂಗೂರನಗರಕ್ಕೆ ಹೊತ್ತು ತಿರುಗಿದೆ. ಮರುವರ್ಷ ಧಾರವಾಡಕ್ಕೆ ಮನೆ ಬದಲಾಯಿಸಿದೆವು. ದಾರಿ ದೂರವಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ.

ಈ ಜೂನ್‌ನಲ್ಲಿ ದಾಂಡೇಲಿಗೆ ಎಂದು ಮನೆಯಲ್ಲಿ ಹೇಳಿದ್ದು ಸುಳ್ಳು. ಹಿಂದಿನ ದಿನ ಶಕೀಲಾ ಸಿಸ್ಟರ್ ಫೋನ್ ಮಾಡಿದ್ದಳು. "ಗಂಗವ್ವ ಹಡದಾಳ್ರಿ. ದವಾಖಾನಿ ಕಡೆ ಹಾಯಲಿಲ್ಲ, ಮನ್ಯಾಗನ ಹಡದಾಳ. ನಮ್ಮನ್ನ ಯಾರನ್ನೂ ಒಳಗ ಬಿಡವಲ್ಲಳು. ನಿಮಗ ಹೇಳಬೇಕೋ ಬ್ಯಾಡೋ ಅಂತ ನಾಕ ದಿನ ವಿಚಾರ ಮಾಡಿದೆ."

ನಾನು ಅವರ ಮನೆ ತಲುಪಿದಾಗ ಬಾಳಪ್ಪ ಕೂಲಿಗೆ ಹೋಗಿದ್ದ. ಗಂಗವ್ವ ಪಡಸಾಲೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮೊರ, ಮೊರದಲ್ಲಿ ಹಳೆಯ ಬಟ್ಟೆಯ ಸುತ್ತಿನಲ್ಲಿ ಮಗು. ಅಂಗಳದಾಚೆಯ ತಿಪ್ಪೆ ಹಬೆಯಾಡುತ್ತಿತ್ತು. ನನ್ನನ್ನು ಕಂಡ ಕೂಡಲೇ ಅವಳು ಮೊರವನ್ನು ತನ್ನಿಂದ ದೂರ ತಳ್ಳಿದಳು.

"ಕೇಳಬ್ಯಾಡ್ರಿ. ಹ್ವಾದ ಸಲ ಹೇಳೇನಿ."

ನಾನು ಹೊಸ್ತಿಲಾಚೆಗೇ ಕೂತೆ. ಚೀಲದಲ್ಲಿ ಪಟ್ಟಿ ಇತ್ತು, ತೆಗೆಯಲಿಲ್ಲ.

"ಇದ್ಯಾರ ಕೂಸು?"

"ನಂದಲ್ರಿ. ತಿಪ್ಪಿಯಾಗ ಸಿಕ್ಕೈತಿ."

"ಯಾವಾಗ ಸಿಕ್ಕಿತು?"

"ನಿನ್ನಿ."

"ಸಿಕ್ಕಾಗ ಆ ಕೂಸಿನ ಹೊಕ್ಕಳ ಒಣಗಿತ್ತೇನು?"

ಅವಳು ನನ್ನ ಮುಖ ನೋಡಿದಳು. ಮಗು ಕೈ ಆಡಿಸಿತು. ಅವಳು ಬಟ್ಟೆಯ ಸುತ್ತು ಬಿಡಿಸಿದಳು. ಒಳಗಿನ ಮಡಿಕೆ ಪೂರ್ತಿ ಕೆಂಪಾಗಿತ್ತು.

"ಇಲ್ರಿ" ಎಂದಳು. "ಸಿಕ್ಕಾಗೂ ಸೋರ್ತಿತ್ತು. ಈಗೂ ಸೋರಾಕ ಹತ್ತೇತಿ. ಈ ಸಲ ತಿಪ್ಪಿಗೆ ಹಾಕಿದ್ರೂ ನಿಂದ್ರವಲ್ದು."

"ನಿಂದಲ್ಲಂದ್ರ ನಾ ಒಯ್ತೇನಿ. ಧಾರವಾಡಕ್ಕ ಒಯ್ದು ಔಷಧ ಹಾಕ್ಸಿ ತರ್ತೇನಿ. ನೀ ಬೇಕಾದ್ರ ಹಿಂದ ಕುಂಡ್ರು, ಯಾರೋ ಬಂದಂಗ."

ಗಂಗವ್ವ ಎದ್ದಳು. ಮೂಲೆಯ ಡಬ್ಬಿ ನನ್ನ ಮುಂದೆ ಇಟ್ಟಳು, ಅದರಲ್ಲಿ ತೌಡಿತ್ತು. ಒಂದು ಹಿಡಿ ತೆಗೆದು ಅವಳ ಬೊಗಸೆಗೆ ಹಾಕಿದೆ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗು ಸಮೇತ ಮೊರವನ್ನು ಎತ್ತಿ ಹೊಸ್ತಿಲು ದಾಟಿಸಿ ನನ್ನ ತೊಡೆಯ ಮೇಲೆ ಇಟ್ಟಳು. ಕೈ ಮಾತ್ರ ಮೊರದ ಅಂಚಿನಿಂದ ಬಿಡಲಿಲ್ಲ.

"ಹ್ವಾದ ಸಲಾನೂ ಹಿಂಗ ಕೇಳಬೇಕಿತ್ತಲ್ರಿ, ಬಾಯಾರ" ಎಂದಳು.